ದೊಡ್ಡ ಏರ್ ರೈಫಲ್‌ನಲ್ಲಿ ಜಿಂಕೆ ಹೊಡೆಯಬಹುದಾ? ಹೊಡೆಯಬಹುದು, ಐವತ್ತು ಗಜದೊಳಗೆ

ನೀವು ಕೇಳಿದ್ದು ಇಷ್ಟು: "ಆಸ್ಟಿನ್‌ನಲ್ಲಿ ಕೆಲಸ, ಎಚ್-1ಬಿ ವೀಸಾ. ದೊಡ್ಡ ಕ್ಯಾಲಿಬರ್ ಏರ್ ರೈಫಲ್ ತಗೊಂಡು ಮಾಂಸಕ್ಕೆ ಜಿಂಕೆ ಬೇಟೆ ಆಡಬೇಕು ಅಂತಿದೆ. ಕಾನೂನು ಒಪ್ಪುತ್ತಾ? ಗಾಳಿಯ ಗುಂಡಿಗೆ ಜಿಂಕೆ ನಿಜವಾಗ್ಲೂ ಸಾಯುತ್ತಾ, ಇಲ್ಲಾ ನರಳುತ್ತಾ?"

ಕಾನೂನು ಒಪ್ಪುತ್ತದೆ. ಜಿಂಕೆ ಸಾಯುತ್ತದೆ, ಬೇಗನೇ ಸಾಯುತ್ತದೆ. ಆದರೆ ಐವತ್ತು ಗಜದ ಒಳಗೆ ಇದ್ದರೆ, ಅಡ್ಡಕ್ಕೆ ಅಥವಾ ಸ್ವಲ್ಪ ಆಚೆ ತಿರುಗಿ ನಿಂತಿದ್ದರೆ, ನಿಮ್ಮ ಗುಂಡು ಎದೆಗೂಡಿಗೆ ಬಿದ್ದರೆ. ಈ ಮೂರರಲ್ಲಿ ಒಂದು ತಪ್ಪಿದರೂ ಕುದುರೆ (ಟ್ರಿಗರ್) ಒತ್ತಬಾರದು. ಅಷ್ಟು ತಾಳ್ಮೆ ಇಲ್ಲ ಅನ್ನಿಸಿದರೆ ಏರ್ ರೈಫಲ್ ತಗೋಬೇಡಿ, ಮಾಮೂಲಿ ರೈಫಲ್ ತಗೊಳ್ಳಿ. ಜಿಂಕೆಗೂ ಅದೇ ಒಳ್ಳೆಯದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಊರಿನಲ್ಲಿರುವವರೂ ಓದುತ್ತಾರೆ. ನಾನು ಬರೆಯುತ್ತಿರುವುದೆಲ್ಲ ಟೆಕ್ಸಾಸ್ ವಿಷಯ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಜಿಂಕೆ, ಕಡವೆ, ಕಾಡುಕುರಿ ಯಾವುದನ್ನೂ ಹೊಡೆಯುವ ಹಾಗಿಲ್ಲ. ಜೈಲು ಶಿಕ್ಷೆ ಆಗುವ ಅಪರಾಧ ಅದು. ಅಲ್ಲಿ ಲೈಸೆನ್ಸ್ ಇಲ್ಲದೆ ಸಿಗುವ ಚಿಕ್ಕ ಏರ್ ಗನ್ ಟಾರ್ಗೆಟ್ ಹೊಡೆಯೋಕೆ ಮಾತ್ರ. ಅದರಲ್ಲಿ ದೊಡ್ಡ ಪ್ರಾಣಿಗೆ ಹೊಡೆದರೆ ಗಾಯ ಆಗಿ, ಕೀವು ತುಂಬಿ, ವಾರಗಟ್ಟಲೆ ನರಳಿ ಸಾಯುತ್ತದೆ. ದಯವಿಟ್ಟು ಬೇಡ.

ಈಗ ಟೆಕ್ಸಾಸ್ ನಿಯಮ. 2018ರಿಂದ ಇಲ್ಲಿ ಜಿಂಕೆಗೆ ಏರ್ ಗನ್ ಬಳಸಬಹುದು. ಬಂದೂಕು ಕನಿಷ್ಠ 30 ಕ್ಯಾಲಿಬರ್ ಇರಬೇಕು, ಅಂದರೆ ನಳಿಗೆಯ ಒಳ ಅಗಲ 0.30 ಇಂಚು. ಗುಂಡು ಕನಿಷ್ಠ 150 ಗ್ರೇನ್ (ಸುಮಾರು 10 ಗ್ರಾಂ) ತೂಗಬೇಕು ಮತ್ತು ನಳಿಗೆಯಿಂದ ಸೆಕೆಂಡಿಗೆ 800 ಅಡಿ ವೇಗದಲ್ಲಿ ಹೊರಬೀಳಬೇಕು. ಇಲ್ಲದಿದ್ದರೆ ತೂಕ, ವೇಗ ಎರಡೂ ಸೇರಿ 215 ಫುಟ್-ಪೌಂಡ್ ಶಕ್ತಿ ಬರಬೇಕು. ಲೆಕ್ಕ ಸುಲಭ: ಗುಂಡಿನ ತೂಕವನ್ನು ವೇಗದಿಂದ ಎರಡು ಸಲ ಗುಣಿಸಿ, 450240ರಿಂದ ಭಾಗಿಸಿ. 350 ಗ್ರೇನ್ ಗುಂಡು 800 ಅಡಿ ವೇಗದಲ್ಲಿ ಹೋದರೆ ಹತ್ತಿರ ಹತ್ತಿರ 500 ಫುಟ್-ಪೌಂಡ್. ನನ್ನ ಅಭಿಪ್ರಾಯದಲ್ಲಿ ಜಿಂಕೆಗೆ ಅಷ್ಟು ಬೇಕು. 215 ಅನ್ನುವುದು ಕಾನೂನಿನ ಅಂಚು, ಅಂಚಿನ ಮೇಲೆ ನಿಂತು ಪ್ರಾಣಿಗೆ ಹೊಡೆಯಬಾರದು. ಪಕ್ಕದ ಅರ್ಕಾನ್ಸಾದಲ್ಲಿ 40 ಕ್ಯಾಲಿಬರ್, 400 ಫುಟ್-ಪೌಂಡ್ ಇರಲೇಬೇಕು ಅಂತ ಇಟ್ಟಿದ್ದಾರೆ. ನನಗೆ ಅದೇ ಸರಿ ಅನ್ನಿಸುತ್ತದೆ.

ಬೇಟೆಯ ಲೈಸೆನ್ಸ್ ಬೇಕೇ ಬೇಕು. ಟೆಕ್ಸಾಸ್‌ನಲ್ಲಿ ಆರು ತಿಂಗಳಿಗಿಂತ ಜಾಸ್ತಿ ಬಿಡದೆ ವಾಸ ಇದ್ದರೆ ಇಲ್ಲಿನವರ ಲೆಕ್ಕದಲ್ಲೇ ಸಿಗುತ್ತದೆ. ಹೊರರಾಜ್ಯದವರಿಗೆ ಅದರ ಹತ್ತು ಪಟ್ಟಿಗೂ ಜಾಸ್ತಿ ಆಗುತ್ತದೆ. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಬೇಕು. ಆನ್‌ಲೈನ್‌ನಲ್ಲೇ ಮಾಡಬಹುದು. ಬೇಸರ ಮಾಡಿಕೊಳ್ಳದೆ ಪೂರ್ತಿ ಓದಿ, ಬೇಲಿ ದಾಟುವಾಗ ಬಂದೂಕು ಹೇಗೆ ಹಿಡಿಯಬೇಕು ಅನ್ನುವಂಥ ವಿಷಯಗಳು ಅದರಲ್ಲಿವೆ.

ವೀಸಾ ವಿಚಾರ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಮದ್ದಿನಿಂದ ಗುಂಡು ಹಾರಿಸುವುದು ಮಾತ್ರ ಫೈರ್‌ಆರ್ಮ್. ಏರ್ ರೈಫಲ್ ಆ ಲೆಕ್ಕಕ್ಕೆ ಬರುವುದಿಲ್ಲ. ಎಚ್-1ಬಿ ಅಂಥ ವೀಸಾದವರು ಫೈರ್‌ಆರ್ಮ್ ಇಟ್ಟುಕೊಳ್ಳುವ ಹಾಗಿಲ್ಲ, ಬೇಟೆಯ ಲೈಸೆನ್ಸ್ ಇದ್ದವರಂಥ ಕೆಲವರಿಗೆ ಮಾತ್ರ ವಿನಾಯಿತಿ. ನಮ್ಮವರಲ್ಲಿ ಕೆಲವರು ಏರ್ ರೈಫಲ್ ಕಡೆ ತಿರುಗುವುದು ಇದೇ ಕಾರಣಕ್ಕೆ. ಆದರೆ ರಾಜ್ಯದಿಂದ ರಾಜ್ಯಕ್ಕೆ ಮಾತು ಬದಲಾಗುತ್ತದೆ. ನ್ಯೂಜೆರ್ಸಿಯಲ್ಲಿ ಏರ್ ಗನ್ ಕೂಡ ಫೈರ್‌ಆರ್ಮೇ. ಇಲಿನಾಯ್‌ನಲ್ಲಿ ದೊಡ್ಡ ಏರ್ ಗನ್‌ಗೂ ರಾಜ್ಯ ಕೊಡುವ ಬಂದೂಕಿನ ಕಾರ್ಡ್ ಬೇಕು. ಕೆಲಸ ಬದಲಾಯಿಸಿ ಆ ಕಡೆ ಮನೆ ಸಾಗಿಸುವ ಮುಂಚೆ ಅಲ್ಲಿನ ನಿಯಮ ನೋಡಿಕೊಳ್ಳಿ. ಗ್ರೀನ್ ಕಾರ್ಡ್ ಅರ್ಜಿ ಹಾಕಿದವರು ಒಬ್ಬ ವಕೀಲರ ಹತ್ತಿರ ಮಾತಾಡುವುದು ಒಳ್ಳೆಯದು.

ಬಂದೂಕಿಗೆ ಬರೋಣ. ನನ್ನ ಹತ್ತಿರ ಇರುವುದು ಏರ್‌ಫೋರ್ಸ್ ಕಂಪನಿಯ ಟೆಕ್ಸನ್, 457 ಕ್ಯಾಲಿಬರ್ (0.457 ಇಂಚು). ಇಲ್ಲೇ ಫೋರ್ಟ್ ವರ್ತ್‌ನಲ್ಲಿ ತಯಾರಾಗುತ್ತದೆ. ಹಿಂದಿನ ಹಿಡಿಯೇ ಗಾಳಿಯ ಸಿಲಿಂಡರ್. ಅದಕ್ಕೆ 3000 ಪಿಎಸ್‌ಐ ಗಾಳಿ ತುಂಬಬೇಕು. ಕಾರಿನ ಟೈರಿನಲ್ಲಿ ಇರುವುದು ಸುಮಾರು 35 ಅಂದರೆ ಅಂದಾಜು ಸಿಗುತ್ತದೆ ಅಲ್ವಾ. ಪಕ್ಕದ ಲಿವರ್ ಎಳೆದು, ಒಂದು ಸೀಸದ ಗುಂಡು ಕೈಯಲ್ಲೇ ನಳಿಗೆಗೆ ಕೂರಿಸಬೇಕು. ಒಮ್ಮೆಗೆ ಒಂದೇ. ಕುದುರೆ ಒತ್ತಿದರೆ ವಾಲ್ವ್ ತೆರೆದು ಗಾಳಿ ಒಮ್ಮೆಲೇ ಗುಂಡಿನ ಹಿಂದೆ ನುಗ್ಗುತ್ತದೆ. ಪ್ರತಿ ಗುಂಡಿಗೂ ಸಿಲಿಂಡರ್ ಒತ್ತಡ ಇಳಿಯುತ್ತದೆ, ವೇಗವೂ ಇಳಿಯುತ್ತದೆ. ಹಾಗಾಗಿ ಬೇಟೆಗೆ ಲೆಕ್ಕ ಇಡಬೇಕಾದ್ದು ಮೊದಲ ಎರಡು ಗುಂಡು ಮಾತ್ರ. ಮೂರನೆಯದು ಎಲ್ಲಿ ಬೀಳುತ್ತದೆ ಅಂತ ರೇಂಜಿನಲ್ಲಿ ಹೊಡೆದು ನೋಡಿ, ಆಗ ನಿಮಗೇ ಗೊತ್ತಾಗುತ್ತದೆ. ಉಮಾರೆಕ್ಸ್ ಹ್ಯಾಮರ್ 50 ಕ್ಯಾಲಿಬರ್ ಇನ್ನೂ ಜೋರು, ಅದಕ್ಕೆ 4500 ಪಿಎಸ್‌ಐ ಬೇಕು. ಬೆಂಜಮಿನ್ ಬುಲ್‌ಡಾಗ್ 357 ಚೆನ್ನಾಗಿದೆ. ಆದರೆ ಅದರ ಶಕ್ತಿ 200ರ ಆಸುಪಾಸು, ಜಿಂಕೆಗೆ ನಾನು ಒಪ್ಪುವುದಿಲ್ಲ.

ಇದೇನು ಹೊಸ ವಿದ್ಯೆ ಅಲ್ಲ. 1780ರ ಸುಮಾರಿಗೆ ಆಸ್ಟ್ರಿಯಾ ಸೈನ್ಯದಲ್ಲಿ ಜಿರಾರ್ಡೋನಿ ಅನ್ನುವ ಏರ್ ರೈಫಲ್ ಇತ್ತು. ಇಪ್ಪತ್ತು ಗುಂಡು ಹಿಡಿಯುತ್ತಿತ್ತು. 1803ರಲ್ಲಿ ಹೊರಟ ಲೂಯಿಸ್, ಕ್ಲಾರ್ಕ್ ಅನ್ವೇಷಕರ ತಂಡ ಅಮೆರಿಕದ ಪಶ್ಚಿಮಕ್ಕೆ ಒಂದು ಏರ್ ರೈಫಲ್ ಒಯ್ದಿತ್ತು, ದಾರಿಯಲ್ಲಿ ಸಿಕ್ಕ ಮೂಲನಿವಾಸಿಗಳಿಗೆ ಅದನ್ನು ಹೊಡೆದು ತೋರಿಸುತ್ತಿದ್ದರು.

ಗಾಳಿ ತುಂಬುವುದಕ್ಕೆ ಕೈ ಪಂಪು ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ಆಗುತ್ತದೆ, ಆದರೆ ತೋಳು ಬಿದ್ದುಹೋಗುತ್ತದೆ. ಅಗ್ನಿಶಾಮಕ ದಳದವರು ಬೆನ್ನಿಗೆ ಹಾಕುವಂಥ 4500 ಪಿಎಸ್‌ಐ ಕಾರ್ಬನ್ ಫೈಬರ್ ಸಿಲಿಂಡರ್ ಒಂದನ್ನು ಇಟ್ಟುಕೊಂಡು, ಸ್ಕೂಬಾ ಅಂಗಡಿಯಲ್ಲೋ ಪೇಂಟ್‌ಬಾಲ್ ಅಂಗಡಿಯಲ್ಲೋ ತುಂಬಿಸಿ. ಸಿಲಿಂಡರಿಗೆ ಐದು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರಿನ ಒತ್ತಡ ಹಾಕಿ ಗಟ್ಟಿ ಇದೆಯಾ ನೋಡುವ ಪರೀಕ್ಷೆ) ಆಗಿರಬೇಕು, ಮೇಲಿನ ತಾರೀಕು ನೋಡಿಯೇ ತಗೊಳ್ಳಿ. ಇನ್ನೊಂದು ಮುಖ್ಯ ಮಾತು. ಗಾಳಿ ಹೋಗುವ ದಾರಿಗೆ ಮಾಮೂಲಿ ಎಣ್ಣೆ, ಗ್ರೀಸ್ ಹಚ್ಚಲೇಬಾರದು. ಅಷ್ಟು ಒತ್ತಡದಲ್ಲಿ ಅದು ಹೊತ್ತಿಕೊಂಡು ಸಿಡಿಯಬಹುದು. ಸಿಲಿಕೋನ್ ಗ್ರೀಸ್ ಮಾತ್ರ. ಆಕ್ಸಿಜನ್ ಸಿಲಿಂಡರಿನಿಂದ ತುಂಬುವ ಯೋಚನೆಯಂತೂ ಕನಸಿನಲ್ಲೂ ಬೇಡ.

ಇನ್ನು ನಿಮ್ಮ ನಿಜವಾದ ಪ್ರಶ್ನೆ, ಜಿಂಕೆ ನರಳುತ್ತಾ ಅನ್ನುವುದು.

ಮಲೆನಾಡಿನವರಿಗಾದರೆ ಒಂದೇ ಮಾತಲ್ಲಿ ಹೇಳಬಹುದು. ಈ ಬಂದೂಕಿನ ನಡತೆ ನಮ್ಮ ಅಜ್ಜಂದಿರ ಕೇಪಿನ ಕೋವಿಯದ್ದು. ದಪ್ಪ ಸೀಸದ ಗುಂಡು, ಕಡಿಮೆ ವೇಗ, ಒಂದೇ ಈಡು. ಮಾಮೂಲಿ 308 ರೈಫಲ್ ಗುಂಡು ಸೆಕೆಂಡಿಗೆ 2800 ಅಡಿ ಹೋಗುತ್ತದೆ, 2500 ಫುಟ್-ಪೌಂಡ್‌ಗೂ ಜಾಸ್ತಿ ಶಕ್ತಿ. ಅದು ಒಳಗೆ ಹೊಕ್ಕು ಅರಳಿ ಸುತ್ತಲಿನ ಮಾಂಸವನ್ನೂ ಚಿಂದಿ ಮಾಡುತ್ತದೆ. ಗುರಿ ಎರಡು ಇಂಚು ಆಚೀಚೆ ಆದರೂ ಕೆಲಸ ನಡೆದುಹೋಗುತ್ತದೆ. ಏರ್ ರೈಫಲ್ ಗುಂಡು ಹಾಗಲ್ಲ. ಅದು ಹೆಬ್ಬೆರಳಿನ ಗಾತ್ರದ ತೂತು ಮಾಡಿಕೊಂಡು ಈ ಪಕ್ಕದಿಂದ ಆ ಪಕ್ಕಕ್ಕೆ ಹೋಗುತ್ತದೆ, ಅಷ್ಟೇ. ಆ ತೂತು ಎರಡೂ ಶ್ವಾಸಕೋಶದಲ್ಲಿ ಆದರೆ ರಕ್ತ ಸುರಿದು, ಉಸಿರು ನಿಂತು, ಜಿಂಕೆ ಕೆಲವೇ ಸೆಕೆಂಡಿನಲ್ಲಿ ಬೀಳುತ್ತದೆ. ಐವತ್ತು ಅರವತ್ತು ಗಜ ಓಡಬಹುದು. ಹೊಟ್ಟೆಗೆ ಬಿದ್ದರೆ ಮಾತ್ರ ಅದು ಗಂಟೆಗಟ್ಟಲೆ ಬದುಕಿರುತ್ತದೆ. ಅದರ ಹಿಂಸೆ ನೀವೇ ಕೈಯಾರೆ ಕೊಟ್ಟದ್ದು.

ದೂರ ಯಾಕೆ ಅಷ್ಟು ಮುಖ್ಯ ಅಂದರೆ ಎರಡು ಕಾರಣ.

ಮೊದಲನೆಯದು ಗುಂಡು ಬೀಳುವುದು. 850 ಅಡಿ ವೇಗದ ಗುಂಡಿಗೆ ಐವತ್ತು ಗಜಕ್ಕೆ ಸ್ಕೋಪ್ ಹೊಂದಿಸಿದ್ದೀರಿ ಅಂತ ಇಟ್ಟುಕೊಳ್ಳಿ. ಎಪ್ಪತ್ತೈದು ಗಜದಲ್ಲಿ ಅದು ನಾಲ್ಕು ಇಂಚು ಕೆಳಗೆ ಬೀಳುತ್ತದೆ. ನೂರು ಗಜದಲ್ಲಿ ಸುಮಾರು ಹನ್ನೊಂದು ಇಂಚು ಕೆಳಗೆ. ಕಣ್ಣಂದಾಜಿನಲ್ಲಿ ಎಪ್ಪತ್ತೈದನ್ನು ಐವತ್ತು ಅಂದುಕೊಳ್ಳುವುದು ಬಹಳ ಸುಲಭ, ಮಬ್ಬು ಬೆಳಕಿನಲ್ಲಂತೂ ಇನ್ನೂ ಸುಲಭ. ಅದಕ್ಕೇ ರೇಂಜ್‌ಫೈಂಡರ್ ಇಲ್ಲದೆ ಹೋಗಬೇಡಿ.

ಎರಡನೆಯದನ್ನು ಯಾರೂ ಮೊದಲು ಹೇಳುವುದಿಲ್ಲ. ಸದ್ದು. ಏರ್ ಗನ್ ಸದ್ದು ಮಾಡಲ್ಲ ಅನ್ನುವುದು ಸುಳ್ಳು, ಈ ದೊಡ್ಡ ಗನ್‌ಗಳು ಪಟಾರ್ ಅಂತ ಸಿಡಿಯುತ್ತವೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 1125 ಅಡಿ, ಗುಂಡಿನದು 850. ಅಂದರೆ ಗುಂಡು ತಲುಪುವ ಮುಂಚೆಯೇ ಸದ್ದು ಜಿಂಕೆಯ ಕಿವಿಗೆ ತಲುಪಿರುತ್ತದೆ. ಐವತ್ತು ಗಜದಲ್ಲಿ ಈ ಅಂತರ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಜಿಂಕೆ ಬೆಚ್ಚುವಷ್ಟರಲ್ಲಿ ಗುಂಡು ಒಳಗಿರುತ್ತದೆ. ನೂರು ಗಜದಲ್ಲಿ ಅಂತರ ದುಪ್ಪಟ್ಟು. ಬೆಚ್ಚಿದ ಜಿಂಕೆ ಮೊದಲು ಮಾಡುವ ಕೆಲಸ ಏನು ಗೊತ್ತಾ? ನೆಗೆಯಲು ಕಾಲು ಮಡಚಿ ಮೈ ಕೆಳಗಿಳಿಸುತ್ತದೆ. ನೀವು ಶ್ವಾಸಕೋಶಕ್ಕೆ ಇಟ್ಟ ಗುರಿ ಬೆನ್ನಿಗೆ ಬೀಳುತ್ತದೆ. ಈಗಾಗಲೇ ಕಿವಿ ನಿಮಿರಿಸಿ ನಿಮ್ಮ ಕಡೆಗೇ ನೋಡುತ್ತಿರುವ ಜಿಂಕೆಗೆ ನಾನು ಹತ್ತಿರದಲ್ಲೂ ಹೊಡೆಯುವುದಿಲ್ಲ. ತಲೆ ತಗ್ಗಿಸಿ ಮೇಯುವವರೆಗೂ ಕಾಯುತ್ತೇನೆ.

ಗುರಿ ಎಲ್ಲಿ ಇಡಬೇಕು ಅಂದರೆ, ಅಡ್ಡಕ್ಕೆ ನಿಂತ ಜಿಂಕೆಯ ಮುಂಗಾಲಿನ ಹಿಂದಿನ ಅಂಚಿಗೆ, ಎದೆಯ ಕೆಳಗಿನಿಂದ ಮೂರನೇ ಒಂದು ಭಾಗ ಮೇಲೆ. ಸ್ವಲ್ಪ ಆಚೆ ತಿರುಗಿ ನಿಂತಿದ್ದರೂ ಪರವಾಗಿಲ್ಲ, ಆಗ ಆಚೆಬದಿಯ ಮುಂಗಾಲನ್ನು ಮನಸ್ಸಿನಲ್ಲಿ ಇಟ್ಟು ಹೊಡೆಯಿರಿ. ಎದುರಿಗೆ ಮುಖ ಮಾಡಿದ್ದರೆ ಬೇಡ. ತಲೆ, ಕುತ್ತಿಗೆಗೂ ಬೇಡ, ಅವು ಒಂದು ಕ್ಷಣ ನಿಂತಲ್ಲಿ ನಿಲ್ಲುವುದಿಲ್ಲ. ಬೇಟೆಗೆ ಹೋಗುವ ಮುಂಚೆ ಆರು ಇಂಚಿನ ಪೇಪರ್ ಪ್ಲೇಟ್ ಒಂದನ್ನು ಐವತ್ತು ಗಜದಲ್ಲಿ ಇಡಿ. ಸಿಲಿಂಡರ್ ಪೂರ್ತಿ ತುಂಬಿ ಎರಡು ಗುಂಡು ಹೊಡೆಯಿರಿ, ಮತ್ತೆ ತುಂಬಿ ಮತ್ತೆ ಎರಡು. ಬೇಟೆಯಲ್ಲಿ ಹೇಗೆ ಕೂರುತ್ತೀರೋ ಹಾಗೇ ಕೂತು ಹೊಡೆಯಿರಿ, ಬೆಂಚಿನ ಮೇಲಲ್ಲ. ಎಲ್ಲವೂ ಪ್ಲೇಟಿನಲ್ಲೇ ಬೀಳುವುದು ಯಾವ ದೂರದವರೆಗೋ ಅದೇ ನಿಮ್ಮ ದೂರ. ನಲವತ್ತು ಗಜ ಆದರೆ ನಲವತ್ತು. ಕ್ರೋನೋಗ್ರಾಫ್‌ನಲ್ಲಿ ವೇಗವನ್ನೂ ಅಳೆಯಿರಿ, ಕಂಪನಿಯ ಪೆಟ್ಟಿಗೆ ಮೇಲೆ ಬರೆದ ಅಂಕಿ ಬಹಳ ಸಲ ಹಗುರ ಗುಂಡಿನದ್ದಾಗಿರುತ್ತದೆ.

ಜಿಂಕೆಯನ್ನು ಅಷ್ಟು ಹತ್ತಿರ ತರುವುದು ಹೇಗೆ? ಮರಸು ಕೂರಬೇಕು, ಅಂದರೆ ಮರೆಯಲ್ಲಿ ಅಡಗಿ ಕಾಯಬೇಕು. ಟೆಕ್ಸಾಸ್‌ನಲ್ಲಿ ಜಮೀನೆಲ್ಲ ಹೆಚ್ಚುಕಡಿಮೆ ಖಾಸಗಿ. ಲೀಸ್ ತಗೋಬೇಕು ಅಥವಾ ದಿನದ ಲೆಕ್ಕದಲ್ಲಿ ರ‍್ಯಾಂಚಿನವರಿಗೆ ದುಡ್ಡು ಕೊಡಬೇಕು. ಹೆಣ್ಣು ಜಿಂಕೆಗೆ ಕಡಿಮೆ ಆಗುತ್ತದೆ, ಮಾಂಸಕ್ಕೆ ಅದೇ ಒಳ್ಳೆಯದು. ಆಸ್ಟಿನ್‌ನಿಂದ ಪಶ್ಚಿಮಕ್ಕೆ ಲಾನೋ, ಮೇಸನ್, ಜಂಕ್ಷನ್ ಕಡೆ ಹೋದರೆ ಕಲ್ಲಿನ ಗುಡ್ಡ, ಓಕ್ ಮರ, ಎಲ್ಲಿ ನೋಡಿದರೂ ಬಿಳಿಬಾಲದ ಜಿಂಕೆ. ಲಾನೋದವರು ತಮ್ಮೂರನ್ನು ಟೆಕ್ಸಾಸ್‌ನ ಜಿಂಕೆ ರಾಜಧಾನಿ ಅಂತಲೇ ಕರೆದುಕೊಳ್ಳುತ್ತಾರೆ. ಸೀಸನ್ ಅಲ್ಲಿ ನವೆಂಬರ್ ಮೊದಲ ಶನಿವಾರ ಶುರು. ಎಷ್ಟು ಹೊಡೆಯಬಹುದು, ಹೆಣ್ಣು ಯಾವಾಗ, ಕೊಂಬಿನ ಅಳತೆ ಎಷ್ಟು ಅನ್ನುವುದು ಕೌಂಟಿಯಿಂದ ಕೌಂಟಿಗೆ ಬೇರೆ. ಆ ವರ್ಷದ ಪುಸ್ತಕ ನೋಡಿಯೇ ಹೋಗಿ.

ಇಲ್ಲಿ ಜೋಳ ಚೆಲ್ಲುವ ಫೀಡರ್ ಇಡುವುದು ಕಾನೂನುಬದ್ಧ. ಇದು ಬೇಟೆಯೇ ಅಲ್ಲ ಅಂತ ಮೂಗು ಮುರಿಯುವವರಿದ್ದಾರೆ. ಏರ್ ರೈಫಲ್ ಹಿಡಿದವರಿಗೆ ನಾನು ಫೀಡರ್ ಬೇಕು ಅಂತಲೇ ಹೇಳುತ್ತೇನೆ. ದೂರ ಮೊದಲೇ ಅಳೆದಿರುತ್ತೀರಿ. ಜಿಂಕೆ ಗಾಬರಿ ಇಲ್ಲದೆ ನಿಂತಿರುತ್ತದೆ. ಬೇಡ ಅನ್ನಿಸಿದರೆ ಬಿಟ್ಟು ಇನ್ನೊಂದಕ್ಕೆ ಕಾಯಬಹುದು. ಗಾಳಿ ಮಾತ್ರ ಜಿಂಕೆ ಕಡೆಯಿಂದ ನಿಮ್ಮ ಮುಖಕ್ಕೆ ಬೀಸುವ ಹಾಗೆ ಕೂರಬೇಕು. ಮೈಗೆ ಸೆಂಟು, ತಲೆಗೆ ಎಣ್ಣೆ ಬೇಡ.

ಹೊಡೆದ ಮೇಲೆ ಓಡಬೇಡಿ. ಜಿಂಕೆ ಎಲ್ಲಿ ನಿಂತಿತ್ತು, ಯಾವ ಪೊದೆಯ ಹತ್ತಿರ ಮರೆಯಾಯಿತು ಅಂತ ಗುರುತು ಹಾಕಿಕೊಂಡು, ಇನ್ನೊಂದು ಗುಂಡು ತುಂಬಿ ಅರ್ಧ ಗಂಟೆ ಕೂತಲ್ಲೇ ಕೂರಿ. ಆಮೇಲೆ ನಿಂತಿದ್ದ ಜಾಗ ನೋಡಿ. ಗುಲಾಬಿ ಬಣ್ಣದ ನೊರೆನೊರೆ ರಕ್ತ ಇದ್ದರೆ ಶ್ವಾಸಕೋಶ, ಹತ್ತಿರದಲ್ಲೇ ಬಿದ್ದಿರುತ್ತದೆ. ಕಡುಗೆಂಪು ಇದ್ದರೆ ಪಿತ್ತಜನಕಾಂಗ, ಇನ್ನೂ ಎರಡು ಮೂರು ಗಂಟೆ ಬಿಡಿ. ಹಸಿರು ಕಲೆ, ಸಗಣಿ ವಾಸನೆ ಇದ್ದರೆ ಹೊಟ್ಟೆ. ಆಗ ಹಿಂದೆ ಬಿದ್ದು ಓಡಿಸಿದರೆ ಅದು ಮೈಲಿಗಟ್ಟಲೆ ಹೋಗುತ್ತದೆ, ಬಿಟ್ಟರೆ ಮೊದಲ ನೆರಳಲ್ಲೇ ಮಲಗುತ್ತದೆ. ಆರೇಳು ಗಂಟೆ ಕಾದು ಹುಡುಕಲೇಬೇಕು. ರ‍್ಯಾಂಚಿನವರಿಗೆ ಫೋನ್ ಮಾಡಿ, ಜಾಡು ಹಿಡಿಯುವ ನಾಯಿ ಇರುವವರು ಸಿಗುತ್ತಾರೆ. ಹುಡುಕದೆ ಮನೆಗೆ ಬರುವವರಿಗೆ ಬಂದೂಕು ಮುಟ್ಟುವ ಹಕ್ಕಿಲ್ಲ ಅನ್ನುವುದು ನನ್ನ ನಂಬಿಕೆ.

ಸಿಕ್ಕ ಕೂಡಲೇ ಲೈಸೆನ್ಸಿನ ಟ್ಯಾಗ್ ಕಟ್ಟಿ. ಹೊಟ್ಟೆ ತಕ್ಷಣ ಬಿಡಿಸಿ. ಟೆಕ್ಸಾಸ್‌ನಲ್ಲಿ ನವೆಂಬರ್ ಮಧ್ಯಾಹ್ನ ಊರಿನ ಬೇಸಿಗೆಯಷ್ಟು ಬಿಸಿಲು ಇರಬಹುದು, ಬಿಸಿಯಾಗಿ ಇಟ್ಟಷ್ಟೂ ಮಾಂಸ ಕೆಡುತ್ತದೆ. ಚಾಕು ಮೊನೆಯನ್ನು ಮೇಲ್ಮುಖವಾಗಿ, ಎರಡು ಬೆರಳ ನಡುವೆ ಹಿಡಿದು ಚರ್ಮ ಸೀಳಿದರೆ ಜಠರ ತೂತಾಗುವುದಿಲ್ಲ. ವಪೆ (ಎದೆ, ಹೊಟ್ಟೆ ನಡುವಿನ ಪೊರೆ) ಕತ್ತರಿಸಿ, ಕೈ ಒಳಗೆ ಹಾಕಿ ಗಂಟಲ ಕೊಳವೆ ಕೊಯ್ದು ಎಳೆದರೆ ಎಲ್ಲಾ ಒಟ್ಟಿಗೇ ಬರುತ್ತದೆ. ತೊಡೆ, ಕೈ ಬಿಡಿಸಿ ಐಸ್ ಪೆಟ್ಟಿಗೆಗೆ ಹಾಕಿ. ಪೆಟ್ಟಿಗೆಯ ಕೆಳಗಿನ ಬಿರಡೆ ತೆಗೆದಿಡಿ, ಮಾಂಸ ನೀರಲ್ಲಿ ನೆನೆಯಬಾರದು. 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇರಬೇಕು. ಏರ್ ರೈಫಲ್‌ನ ಒಂದು ಲಾಭ ಇಲ್ಲಿ ಕಾಣುತ್ತದೆ. ನಿಧಾನ ಗುಂಡು ಸಿಡಿದು ಚೂರಾಗುವುದು ಕಡಿಮೆ, ರಕ್ತ ಕಟ್ಟಿದ ಮಾಂಸವೂ ಕಡಿಮೆ. ಆದರೂ ಅದು ಸೀಸ. ತೂತಿನ ಸುತ್ತ ಒಂದು ಅಂಗೈ ಅಗಲ ಕತ್ತರಿಸಿ ಎಸೆಯಿರಿ, ಮನೆಯಲ್ಲಿ ಮಕ್ಕಳು, ಬಸುರಿಯರು ಇದ್ದರೆ ಇನ್ನೂ ಜಾಸ್ತಿ.

ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ್ದು: ಇಲ್ಲಿನ ಜಿಂಕೆಯಲ್ಲಿ ಸಿಡಬ್ಲ್ಯೂಡಿ ಅನ್ನುವ ಮೆದುಳಿನ ರೋಗ ಇದೆ. ಟೆಕ್ಸಾಸ್‌ನಲ್ಲಿ 2012ರಲ್ಲಿ ಮೊದಲು ಸಿಕ್ಕಿತು. ಮನುಷ್ಯರಿಗೆ ಬಂದದ್ದು ಸಾಬೀತಾಗಿಲ್ಲ, ಆದರೂ ರೋಗ ಇರುವ ಜಿಂಕೆ ತಿನ್ನಬೇಡಿ ಅಂತ ಅಮೆರಿಕದ ಆರೋಗ್ಯ ಇಲಾಖೆಯೇ ಹೇಳುತ್ತದೆ. ಪರೀಕ್ಷೆ ಮಾಡಿಸಿ, ಫಲಿತಾಂಶ ಬರುವವರೆಗೆ ಫ್ರೀಜರಿನಲ್ಲಿ ಇಡಿ. ತಲೆಮಾಂಸ, ಮೆದುಳು, ಗುಲ್ಮ, ಬೆನ್ನುಹುರಿ ಎಷ್ಟೇ ಆಸೆ ಇದ್ದರೂ ಬೇಡ.

ಮತ್ತೆ ನಿಮಗೆ ಆಶ್ಚರ್ಯ ಆಗಬಹುದಾದ ಸಂಗತಿ. ಕೆರ್‌ವಿಲ್ ಸುತ್ತಮುತ್ತ ನಮ್ಮ ಚುಕ್ಕೆ ಜಿಂಕೆಯೇ ಹಿಂಡುಹಿಂಡಾಗಿ ಇದೆ! ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ಜೀಪಿನಿಂದ ನೋಡುತ್ತೇವಲ್ಲ, ಅದೇ. 1932ರ ಸುಮಾರಿಗೆ ಇಲ್ಲಿಗೆ ತಂದವು ಬೇಲಿ ದಾಟಿ ಹರಡಿವೆ. ಇಲ್ಲಿನವರು ಆಕ್ಸಿಸ್ ಅಂತಾರೆ. ಹೊರಗಿನ ಪ್ರಾಣಿ ಆದ್ದರಿಂದ ಸೀಸನ್ ಇಲ್ಲ, ಮಿತಿ ಇಲ್ಲ. ಲೈಸೆನ್ಸ್ ಮತ್ತು ಜಮೀನಿನವರ ಒಪ್ಪಿಗೆ ಇದ್ದರೆ ವರ್ಷವಿಡೀ ಹೊಡೆಯಬಹುದು. ಬಿಳಿಬಾಲದ ಜಿಂಕೆಯ ಮೇವನ್ನು ಅವು ತಿಂದು ಮುಗಿಸುತ್ತವೆ ಅಂತ ರ‍್ಯಾಂಚಿನವರಿಗೂ ಅವು ಕಡಿಮೆಯಾದರೆ ಸಾಕು. ಮಾಂಸ ಬಿಳಿಬಾಲಕ್ಕಿಂತ ರುಚಿ, ಕಾಡುವಾಸನೆ ಇಲ್ಲವೇ ಇಲ್ಲ. ಆದರೆ ಗಂಡು ದೊಡ್ಡದು, ಗಟ್ಟಿ ಜೀವ. ಹಿಂಡಿನಲ್ಲಿ ಎಷ್ಟೋ ಜೋಡಿ ಕಣ್ಣು, ಒಂದು ಕೂಗಿದರೆ ಎಲ್ಲಾ ಪರಾರಿ. ಮೊದಲ ವರ್ಷ ಬಿಳಿಬಾಲದ ಹೆಣ್ಣಿನಲ್ಲೇ ಕೈ ಪಳಗಿಸಿಕೊಳ್ಳಿ.

ಅಡುಗೆಗೆ ಬಂದರೆ, ಎರಡೂ ಜಿಂಕೆಯಲ್ಲಿ ಕೊಬ್ಬು ಇಲ್ಲ ಅನ್ನುವಷ್ಟು ಕಡಿಮೆ. ಕುರಿ ಮಾಂಸದ ಹಾಗೆ ಎಲ್ಲವನ್ನೂ ಕುಕ್ಕರಿಗೆ ಹಾಕಿದರೆ ಬೆನ್ನಿನ ಪಟ್ಟಿ ಹಗ್ಗ ಆಗುತ್ತದೆ. ಬೆನ್ನಿನದನ್ನು ತೆಳ್ಳಗೆ ಕೊಯ್ದು, ಕರಿಮೆಣಸು ಉಪ್ಪು ಹಚ್ಚಿ ಕಾದ ಬಾಣಲೆಯಲ್ಲಿ ಎರಡೆರಡು ನಿಮಿಷ ಹುರಿಯಿರಿ, ಸಾಕು. ಕುತ್ತಿಗೆ, ಕಾಲಿನ ಮಾಂಸ ಸಾರಿಗೆ. ಅದಕ್ಕೆ ನಿಧಾನ ಉರಿ ಬೇಕು, ಧನಿಯಾ, ಚಕ್ಕೆ, ಲವಂಗ ಹುರಿದು ರುಬ್ಬಿದ ಮಸಾಲೆ ಬೇಕು. ಕೊಡಗಿನ ಹುಳಿ ಕಾಚಂಪುಳಿ ಇದ್ದರೆ ಕೊನೆಗೆ ಅರ್ಧ ಚಮಚ. ತೊಡೆಯದನ್ನು ಕೈಮಾ ಮಾಡಿಸುವಾಗ ಸ್ವಲ್ಪ ಕುರಿ ಕೊಬ್ಬು ಸೇರಿಸಲು ಹೇಳಿ, ಇಲ್ಲದಿದ್ದರೆ ಉಂಡೆ ಸಾರಿನಲ್ಲಿ ಒಡೆದುಹೋಗುತ್ತದೆ. ಒಂದು ಹೆಣ್ಣು ಜಿಂಕೆಯಲ್ಲಿ ಮೂಳೆ ಬಿಟ್ಟು ಹನ್ನೆರಡರಿಂದ ಹದಿನೈದು ಕೆಜಿ ಸಿಗುತ್ತದೆ. ಜಮೀನಿನವರಿಗೆ ಒಂದು ಪಾಲು ಕೊಡುವುದನ್ನು ಮರೆಯಬೇಡಿ.